ಮೂರನೇ ಉದಾಹರಣೆ

ಮೊದಲು ಕಡತವನ್ನು ನಕಲು ಮಾಡಿಕೊಳ್ಳಿ. ಮೂಲವನ್ನು ಮುಟ್ಟಬೇಡಿ.

ಇಷ್ಟು ಬರೆದು ಕೂತಿದ್ದೇನೆ. ಸುರತ್ಕಲ್ಲಿನ ಈ ಕೋಣೆಯ ಫ್ಯಾನಿಗೆ
ಐದು ವೇಗ, ಐದೂ ಒಂದೇ.
ಯಾಕೆ ಮುಟ್ಟಬಾರದು, ಕೇಳಿಯೇ ಕೇಳುತ್ತಾರೆ ಡಿಪ್ಲೊಮಾದ ಮಕ್ಕಳು.
ನಮ್ಮಮ್ಮ ದೋಸೆಹಿಟ್ಟಿನಲ್ಲಿ ಒಂದು ಸೌಟು ಎತ್ತಿಡುತ್ತಿದ್ದಳು
ನಾಳಿನ ಹುಳಿಗೆ.
ಕೈಪಿಡಿಯಲ್ಲಿ ಅದನ್ನೆಲ್ಲ ಬರೆಯುವ ಹಾಗಿಲ್ಲ. ಬರೆದೆ:
ಕೆಟ್ಟರೆ ಹಿಂದಿರುಗಲು ಒಂದು ಜಾಗ ಬೇಕು.

ಒಂದನೇ ಉದಾಹರಣೆ: ನಿಂತ ನೀರು.
ಎಂತದೂ ಆಗುವುದಿಲ್ಲ. ಆಗಬಾರದು.
ಪರದೆಯಲ್ಲಿ ಒಂದು ನೀಲಿ ಗೆರೆ, ಅದು ಅಲುಗದಿದ್ದರೆ
ನಿಮ್ಮ ಯಂತ್ರ ಸರಿ ಉಂಟು.
ಇದನ್ನು ಹಾರಿಸಿ ಮುಂದೆ ಹೋಗುವವರೇ ಎಲ್ಲ. ಹಾರಿಸಬೇಡಿ.
ಏನೂ ಆಗದ್ದನ್ನು ಒಮ್ಮೆ ಕಣ್ಣಿಟ್ಟು ನೋಡಿದರೆ
ಆಮೇಲೆ ಆದದ್ದು ತಿಳಿಯುತ್ತದೆ.

ಎರಡನೇದು: ಅಲೆ. ಒಂದೇ ಒಂದು.
ಎತ್ತರ ಅರ್ಧ ಮೀಟರು, ಇಳಿಜಾರು ಇಪ್ಪತ್ತಕ್ಕೆ ಒಂದು.
ಕೆಂಪು ಅಕ್ಷರ ಬಂದರೆ ಗಾಬರಿ ಬೇಡ,
ಕೆಳಗಿನಿಂದ ಓದಿ. ಕಡೆಯ ಸಾಲೇ ಮೊದಲು.

ಬರೆದದ್ದನ್ನು ಪರೀಕ್ಷಿಸಲು ನನಗಿರುವವರು ಮಯ್ಯದ್ದಿ,
ಲ್ಯಾಬಿನ ಅಟೆಂಡರು. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಾರೆ,
ಹೇಳದ್ದನ್ನು ಮಾಡುವುದಿಲ್ಲ. ಕೈಪಿಡಿ ಬರೆಯುವವಳಿಗೆ
ಅಂಥವರು ಸಿಗುವುದು ಪುಣ್ಯ.
"ಎಂಟರ್ ಒತ್ತಿ ಅಂತ ಬರೆದಿಲ್ಲ ನೀವು" ಎಂದು
ಕಾಲು ಗಂಟೆ ಸುಮ್ಮನೆ ಕೂತಿದ್ದರು ಒಮ್ಮೆ.

ಮೂರನೇದು: ಕಲ್ಲಿನ ತಡೆಗೋಡೆ.
ಉದ್ದ, ಎತ್ತರ, ಕಲ್ಲಿನ ನಡುವಿನ ಸಂದು. ಮೂರು ಅಂಕೆ.
ಒಂದು ಬೆರಳಿನಲ್ಲಿ ಒತ್ತಿದರು. ಅಲೆ ಬಂತು, ಗೋಡೆಗೆ ಬಡಿಯಿತು,
ನೊರೆಯನ್ನು ಚುಕ್ಕಿಗಳಲ್ಲಿ ತೋರಿಸುತ್ತದೆ ನಮ್ಮ ತಂತ್ರಾಂಶ.
"ಮೇಡಂ, ಇದು ಎಲ್ಲಿಯ ಕಡಲು?"
"ಎಲ್ಲಿಯದ್ದೂ ಅಲ್ಲ. ಉದಾಹರಣೆಯದ್ದು."
"ತೆಂಗಿನಮರ ಎಲ್ಲಿ ಹಾಕುದು?"
ಅಂಥ ಅಂಕೆ ಇಲ್ಲ ಮಯ್ಯದ್ದಿ.
"ಹನ್ನೊಂದು ಇತ್ತು. ಬಾವಿ?"
ಇಲ್ಲ.

ಸುಮ್ಮನಿದ್ದರು ಸ್ವಲ್ಪ. ಆಮೇಲೆ, ನಾನು ಬರೆಯದ್ದನ್ನು
ಮೊದಲ ಸಲ ಮಾಡಿದರು:
ಗೋಡೆಯ ಉದ್ದಕ್ಕೆ ಸೊನ್ನೆ.
ದಂಡೆಯಿಂದ ಇಪ್ಪತ್ತಾರು ಮೀಟರು ಒಳಗೆ ಒಂದು ಗುರುತು.
ಅಳೆದವರ ಹಾಗೆ ಒತ್ತಿದರು ಇಪ್ಪತ್ತಾರನ್ನು.

ಫ್ಯಾನು ತಿರುಗಿತು. ಯಂತ್ರ ಗುಂಯ್ ಎಂದಿತು.
ನೀರು ಗುರುತು ಮುಟ್ಟಲಿಕ್ಕೆ ನಲವತ್ತೊಂದು ಸೆಕೆಂಡು.

"ಸರಿ ಉಂಟು" ಎಂದರು ಮಯ್ಯದ್ದಿ,
ಮೀನಿನ ಕಿವಿರು ಎತ್ತಿ ನೋಡಿ ಬೆಲೆ ಒಪ್ಪಿದವರ ಹಾಗೆ.
"ಮುಕ್ಕಚ್ಚೇರಿಯಲ್ಲಿ ಸ್ವಲ್ಪ ಬೇಗ ಬಂತು.
ಅಡಿಗೆಕೋಣೆಯಲ್ಲಿ ಹಾಲು ಇಟ್ಟಿದ್ದಳು ಇವಳು,
ಉಕ್ಕುವ ಮೊದಲೇ."

ನನ್ನ ಬಾಯಿಗೆ ಮಾತು ಬರಲಿಲ್ಲ. ಬಂದದ್ದು
ಇಳಿಜಾರನ್ನು ಹದಿನಾರಕ್ಕೆ ಒಂದು ಮಾಡಬಹುದು, ಅಂತ.
ಮಾಡಿದೆವು. ಮೂವತ್ತನಾಲ್ಕು.
"ಹಾಂ" ಎಂದರು. ಎದ್ದು ಕಿಟಕಿ ಹಾಕಿದರು.
"ಮೂಲ ಹಾಗೇ ಉಂಟಲ್ಲ, ಮೇಡಂ?"
ಉಂಟು. ನಕಲಿನಲ್ಲಿ ಮಾಡಿದ್ದಲ್ಲವಾ.
"ಹಾಗಾದ್ರೆ ತೊಂದರೆ ಇಲ್ಲ" ಎಂದು
ಟಿಫಿನ್ ಡಬ್ಬಿ ತೆಗೆದುಕೊಂಡು ಸ್ಟೇಟ್‌ಬ್ಯಾಂಕ್ ಬಸ್ಸಿಗೆ ಓಡಿದರು.
ಅಲ್ಲಿಂದ ಇನ್ನೊಂದು ಬಸ್ಸು, ಸೇತುವೆ ದಾಟಿ, ಬಾಡಿಗೆ ಮನೆಗೆ.

ಕೈಪಿಡಿ ಮುಗಿಸಬೇಕು, ಸೋಮವಾರ ಮಕ್ಕಳು ಬರುತ್ತಾರೆ.
ಬರೆಯುತ್ತಿದ್ದೇನೆ:
ದೂರ ಮೀಟರುಗಳಲ್ಲಿ. ಸಮಯ ಸೆಕೆಂಡುಗಳಲ್ಲಿ.
ಎಂಟರ್ ಒತ್ತಿ.
ಕೊಟ್ಟಿರುವ ಅಂಕೆಗಳು ಕೇವಲ ಮಾದರಿಗೆ.
ಉದಾಹರಣೆಗಳು ಒಟ್ಟು ಮೂರು.
ಆ ಕೋಶದಲ್ಲಿ ಮುಕ್ಕಚ್ಚೇರಿ ಎಂಬ ಹೆಸರಿನ
ಇನ್ನೊಂದು ಕಡತ ಕಾಣುತ್ತದೆ.
ಅಳಿಸಬೇಡಿ.
ಅದು ಉದಾಹರಣೆ ಅಲ್ಲ.